ನಾಲ್ಕು, ಒಂದು, ಎರಡು, ಆರು

ಕೇಳುಗರಿಗೆ ನಮಸ್ಕಾರ.

ಒಂದು ಫೋನ್ ನಂಬರು ಹೇಳುತ್ತೇನೆ. ಬರೆದುಕೊಳ್ಳುವುದೇನೂ ಬೇಡ, ಒಂದೇ ಸಲಕ್ಕೆ ನೆನಪಿರುತ್ತೆ. ನಾಲ್ಕು, ಒಂದು, ಎರಡು, ಆರು.

ಜಪಾನಿನಲ್ಲಿ ಇತೋ ಅಂತ ಒಂದು ಊರು. ಬಿಸಿನೀರಿನ ಬುಗ್ಗೆಗಳ ಊರು. ಅಲ್ಲಿನ ಹತೋಯಾ ಎಂಬ ಹೋಟೆಲಿನ ನಂಬರಿದು. ಜಪಾನಿ ಮಾತಿನಲ್ಲಿ ನಾಲ್ಕನ್ನು 'ಯೋ' ಅಂತ, ಒಂದನ್ನು 'ಇ' ಅಂತ, ಎರಡನ್ನು 'ಫು' ಅಂತ, ಆರನ್ನು 'ರೋ' ಅಂತ ಚಿಕ್ಕದಾಗಿ ಹೇಳಬಹುದು. ಈಗ ಕೂಡಿಸಿ ಹೇಳಿ. ಯೋಯಿ ಫುರೋ. ಹಾಗಂದರೆ 'ಒಳ್ಳೆ ಸ್ನಾನ'! ಜನ ಸ್ನಾನಕ್ಕೆಂದೇ ಹೋಗುವ ಹೋಟೆಲಿಗೆ ಇದಕ್ಕಿಂತ ಒಳ್ಳೆ ನಂಬರು ಎಲ್ಲಿ ಸಿಗಬೇಕು? "ಇತೋಗೆ ಹೋಗೋದಾದರೆ ಹತೋಯಾ, ಫೋನು ಯೋಯಿ ಫುರೋ." ಹೋಟೆಲಿನ ಜಾಹೀರಾತು ಹಾಡು ಹೆಚ್ಚುಕಡಿಮೆ ಇಷ್ಟೇ. 1960ರ ದಶಕದಲ್ಲಿ ಟೀವಿಯಲ್ಲಿ ಇದನ್ನು ಕೇಳಿ ಬೆಳೆದ ಮಕ್ಕಳು ಈಗ ಅಜ್ಜ ಅಜ್ಜಿ. ನಂಬರು ಮಾತ್ರ ಮರೆತಿಲ್ಲ.

ಈ ಹಾಡಿನ ಸಾಲು ಬರೆದವರು ನೊಸಾಕಾ ಅಕಿಯುಕಿ. ಯುದ್ಧದ ದಿನಗಳಲ್ಲಿ ಹಸಿವಿನಿಂದ ತೀರಿಕೊಂಡ ಪುಟ್ಟ ತಂಗಿಯ ನೆನಪಿನಲ್ಲಿ ಕಥೆ ಬರೆದು, ಇಡೀ ಜಪಾನೇ ಅಳುವಂತೆ ಮಾಡಿದ ಲೇಖಕ. ಅದೇ ಪೆನ್ನಿನಲ್ಲಿ ಯೋಯಿ ಫುರೋ! ನನಗಂತೂ ಇದು ಗೊತ್ತಾದ ದಿನ ಬಹಳ ಹೊತ್ತು ನಂಬಿಕೆಯೇ ಬರಲಿಲ್ಲ.

ಜಪಾನಿನ ಟೀವಿ ಜಾಹೀರಾತು ಹೆಚ್ಚಾಗಿ 15 ಸೆಕೆಂಡಿನದು. ಅಷ್ಟರಲ್ಲಿ ಸರಕಿನ ಗುಣಗಾನ ಮಾಡುತ್ತಾ ಕೂರೋಕೆ ಆಗುತ್ತಾ? ಆಗಲ್ಲ. ಹಾಗಾಗಿ ಕೇಳುವವರ ಬಾಯಿಗೆ ಒಂದು ಆಟಿಕೆ ಕೊಟ್ಟು ಹೋಗಿಬಿಡುತ್ತಾರೆ. ಬುನ್‌ಮೇದೋ ಅಂತ ಕಾಸ್ತೆರಾ ಕೇಕಿನ ಹಳೆಯ ಅಂಗಡಿ ಇದೆ. ಅದರ ಹಾಡು ಹೀಗೆ: ಕಾಸ್ತೆರಾ ಒಂದನೇದು, ಫೋನು ಎರಡನೇದು, ಮೂರು ಗಂಟೆಯ ತಿಂಡಿ ಬುನ್‌ಮೇದೋದು. ಒಂದು, ಎರಡು, ಮೂರು, ಮುಗೀತು. ಫೋನು ಎರಡನೇದು ಅಂದದ್ದು ಸುಮ್ನೆ ಅಲ್ಲ, ಅಂಗಡಿಯ ಫೋನ್ ನಂಬರೇ 2 ಆಗಿತ್ತು. ಟೀವಿಯಲ್ಲಿ ಕರಡಿಮರಿ ಗೊಂಬೆಗಳು ಸಾಲಾಗಿ ನಿಂತು, ಕಾಲೆತ್ತಿ ಎತ್ತಿ ಕುಣಿಯುತ್ತವೆ. ಧಾಟಿ ಯಾವುದು? ಪ್ಯಾರಿಸ್ಸಿನ ಕ್ಯಾನ್‌ಕ್ಯಾನ್ ಕುಣಿತದ್ದು!

ಧಾಟಿ ಎರವಲು ತರುವುದರಲ್ಲಿ ಇವರಿಗೆ ಯಾವ ಸಂಕೋಚವೂ ಇಲ್ಲ. ಯೊದೊಬಾಶಿ ಕ್ಯಾಮೆರಾ ಅಂಗಡಿಯ ಹಾಡಿನ ಧಾಟಿ ಅಮೆರಿಕದ ಅಂತರ್ಯುದ್ಧದ ಕಾಲದ್ದು. ಮಾತುಗಳಲ್ಲಿ ಮಾತ್ರ ಬರೀ ದಾರಿ. ದುಂಡಗಿನ ಹಸಿರು ಯಾಮಾನೊತೆ ರೈಲು, ನಟ್ಟನಡುವೆ ಹಾಯುವ ಚೂವೋ ರೈಲು, ಟೋಕಿಯೋದ ಶಿಂಜುಕು ಸ್ಟೇಷನ್ನಿನ ಪಶ್ಚಿಮ ಬಾಗಿಲು, ಅದರ ಮುಂದೆಯೇ ಅಂಗಡಿ. ಹಾಡುತ್ತಾ ಹೋದರೆ ಅಂಗಡಿ ತಲುಪುತ್ತೀರಿ. ಬೇರೆ ಊರಿನ ಅಂಗಡಿಗಳಲ್ಲಿ ದಾರಿ ಬದಲು, ಧಾಟಿ ಅದೇ. ಇದರ ಎದುರಾಳಿ ಬಿಕ್ ಕ್ಯಾಮೆರಾದವರು ಆರಿಸಿಕೊಂಡದ್ದು ಅಮೆರಿಕದ ಚರ್ಚಿನ ಒಂದು ಭಜನೆಯ ಧಾಟಿ. ಆದರೆ ಜಪಾನಿನ ಹುಡುಗರಿಗೆ ಅದೇ ಧಾಟಿಯಲ್ಲಿ ಒಂದು ಪೋಲಿ ಹಾಡು ಮೊದಲೇ ಗೊತ್ತು. ಅದರ ಅರ್ಥವನ್ನು ಬಾನುಲಿಯಲ್ಲಿ ಹೇಳುವ ಹಾಗಿಲ್ಲ, ಕ್ಷಮಿಸಿ.

ಇದೆಲ್ಲ ಟೀವಿಗೂ ಮೊದಲು ರೇಡಿಯೋದಲ್ಲಿ ಶುರುವಾದದ್ದು. ಮೈಕಿನ ಮುಂದೆ ಕೂತು ಈ ಮಾತು ಹೇಳುವಾಗ ನನಗೆ ಸ್ವಲ್ಪ ಜಂಬ. 1951ರ ಸೆಪ್ಟೆಂಬರಿನಲ್ಲಿ ಜಪಾನಿನಲ್ಲಿ ಖಾಸಗಿ ರೇಡಿಯೋ ಆರಂಭವಾಯಿತು. ಅದೇ ವರ್ಷ ಮೊದಲ ಜಾಹೀರಾತು ಹಾಡೂ ಬಂತು. ದುಡ್ಡು ಹಾಕಿದ್ದು ಕ್ಯಾಮೆರಾ ಫಿಲ್ಮ್ ತಯಾರಿಸುವ ಕಂಪನಿ, ಹಾಡು ಕಟ್ಟಿದ್ದು ಮಿಕಿ ತೊರಿರೋ. ಹಾಡಿನ ನಾಯಕ ಹವ್ಯಾಸಿ ಫೋಟೋಗ್ರಾಫರ್. ಭಾರೀ ಗತ್ತಿನಿಂದ ಕ್ಯಾಮೆರಾ ಹಿಡಿದು ಹೊರಡುತ್ತಾನೆ. ತೊಳೆದು ನೋಡಿದರೆ ಫೋಟೋ ಎಲ್ಲ ಮಸುಕು ಮಸುಕು! ಫಿಲ್ಮಿನ ಹೊಗಳಿಕೆ ಹಾಗಿರಲಿ, ಅದರ ಹೆಸರೂ ಇಲ್ಲ, ಕಂಪನಿಯ ಹೆಸರೂ ಇಲ್ಲ. ದುಡ್ಡು ಕೊಟ್ಟವರು ಇದಕ್ಕೆ ಒಪ್ಪಿದರಲ್ಲ, ಅವರ ಎದೆಗಾರಿಕೆ ದೊಡ್ಡದು.

ಎಲ್ಲ ಹಾಡೂ ಹೀಗೆ ಮುದ್ದಾಗಿರುವುದಿಲ್ಲ. 1989ರ ಸುಮಾರಿಗೆ ರೀಗೇನ್ ಎಂಬ ಶಕ್ತಿಪೇಯದ ಹಾಡು ಮನೆಮಾತಾಗಿತ್ತು. ಸೂಟು ತೊಟ್ಟ ನೌಕರನಿಗೆ ಅದು ಹಾಕುವ ಪ್ರಶ್ನೆ: 24 ಗಂಟೆ ಹೋರಾಡುತ್ತೀರಾ? ದೇಶದಲ್ಲಿ ದುಡ್ಡು ಹೊಳೆಯಂತೆ ಹರಿಯುತ್ತಿದ್ದ ಕಾಲ, ಎಲ್ಲರೂ ನಕ್ಕು ಹಾಡಿದರು. ಈಗ ಕೇಳಿದರೆ ಆ ನಗು ಬರುವುದಿಲ್ಲ. 2014ರಲ್ಲಿ ಅದೇ ಹೆಸರಿನ ಹೊಸ ಪೇಯ ಬಂದಾಗ ಪ್ರಶ್ನೆ ಇಳಿದಿತ್ತು: ಮೂರು ನಾಲ್ಕು ಗಂಟೆ ಹೋರಾಡುತ್ತೀರಾ?

ಇನ್ನು 2011. ಮಾರ್ಚ್ 11ರಂದು ಭೂಕಂಪ, ಸುನಾಮಿ. ಊರುಗಳೇ ಕೊಚ್ಚಿ ಹೋಗಿರುವಾಗ ಸೋಪು, ಬಿಸ್ಕತ್ತು ಮಾರುವುದು ಹೇಗೆ? ಕಂಪನಿಗಳು ಜಾಹೀರಾತು ಹಿಂದಕ್ಕೆ ತೆಗೆದುಕೊಂಡವು. ಖಾಲಿಯಾದ ಜಾಗದಲ್ಲೆಲ್ಲ ಏಸೀ ಜಪಾನ್ ಎಂಬ ಸಂಸ್ಥೆಯ ಸಾರ್ವಜನಿಕ ಹಿತದ ಜಾಹೀರಾತು ಹಾಕಿದರು. ಅದರಲ್ಲೊಂದು, ಮಕ್ಕಳಿಗೆ ನಮಸ್ಕಾರ ಹೇಳುವುದನ್ನು ಕಲಿಸುವ ಕಾರ್ಟೂನು. ಮೊದಲೇ ಮಾಡಿಟ್ಟಿದ್ದದ್ದು. ಮಗು 'ಕೊನ್ನಿಚಿವಾ' ಎಂದು ನಮಸ್ಕಾರ ಹೇಳಿದರೆ, ಜಪಾನಿನ ನಾಯಿ 'ವಾನ್' ಎಂದು ಬೊಗಳುತ್ತಲ್ಲ, ಎರಡೂ ಸೇರಿ 'ಕೊನ್ನಿಚಿವಾನ್' ಅಂತ ನಾಯಿಮರಿ ಬಂದುಬಿಡುತ್ತೆ. ಧನ್ಯವಾದಕ್ಕೆ 'ಅರಿಗತೋ', ಮೊಲಕ್ಕೆ 'ಉಸಾಗಿ', ಸೇರಿಸಿದರೆ 'ಅರಿಗತೋಸಾಗಿ'. ಹೋಗಿಬರುತ್ತೇನೆ ಎನ್ನುವ 'ಸಾಯೋನಾರಾ'ಗೆ ಸಿಂಹ, ಅಂದರೆ 'ರಾಯಿಯೋನ್', ಅಂಟಿಕೊಂಡು 'ಸಾಯೋನಾರಾಯಿಯೋನ್'. ಹೀಗೆ ಪ್ರಾಣಿಗಳು ಬಂದು ಸೇರಿದ ಮೇಲೆ ಒಂದು ಸದ್ದು: ಪೊ ಪೊ ಪೊ ಪೋನ್!

ಹೆಣಗಳ ಲೆಕ್ಕ, ಅಣುಸ್ಥಾವರದ ಹೊಗೆ, ನಡುವೆ ಪೊ ಪೊ ಪೊ ಪೋನ್. ಮತ್ತೆ ಸುದ್ದಿ, ಮತ್ತೆ ಪೋನ್. ದಿನವಿಡೀ. ದೊಡ್ಡವರಿಗೆ ತಲೆ ಚಿಟ್ಟು ಹಿಡಿಯಿತು, ಮಕ್ಕಳು ಹಾಡಿಕೊಂಡು ಓಡಾಡಿದರು. ಈ ಜಾಹೀರಾತುಗಳ ಕೊನೆಗೆ ಸಂಸ್ಥೆಯ ಹೆಸರನ್ನು 'ಏಸೀ' ಎಂದು ರಾಗವಾಗಿ ಹಾಡುತ್ತಿದ್ದರು. ಅದು ಕಿವಿಗೆ ಚುಚ್ಚುತ್ತದೆ ಎಂದು ದೂರು ಬಂದಾಗ ಸಂಸ್ಥೆ ಕ್ಷಮೆ ಕೇಳಿ, ಆ ಎರಡು ಅಕ್ಷರದ ಸದ್ದನ್ನು ತೆಗೆದುಹಾಕಿತು. ಮೊಲ, ಸಿಂಹ ಉಳಿದುಕೊಂಡವು.

ಕೊನೆಯದಾಗಿ, ನನಗೆ ಎಲ್ಲಕ್ಕಿಂತ ಇಷ್ಟದ ಹಾಡು. 1973ರಲ್ಲಿ ಹಿಟಾಚಿ ಕಂಪನಿಗಾಗಿ ಇತೋ ಅಕಿರಾ ಬರೆದರು, ಕೊಬಾಯಾಶಿ ಅಸೇ ರಾಗ ಹಾಕಿದರು. ಈ ಜೋಡಿ ತೀರಿಕೊಂಡದ್ದೂ ಒಂದೇ ತಿಂಗಳಲ್ಲಿ, 2021ರ ಮೇ. ಹಾಡಿನಲ್ಲಿ ಟೀವಿ ಇಲ್ಲ, ಫ್ರಿಜ್ ಇಲ್ಲ. ಇರುವುದು ಒಂದು ಮರ, ಒಂದು ಪ್ರಶ್ನೆ. ಈ ಮರ, ಇದು ಯಾವ ಮರ? ಹೆಸರು ಗೊತ್ತಿಲ್ಲದ ಮರ, ಅಂತ ಹಾಡೇ ಹೇಳಿಬಿಡುತ್ತೆ. ಮುಂದೆ ಟೀವಿಯಲ್ಲಿ ಕಾಣಿಸಿದ ಮರ ಹವಾಯಿಯ ಒವಾಹು ದ್ವೀಪದ ಒಂದು ತೋಟದ್ದು. ಕೊಡೆ ಬಿಚ್ಚಿದ ಹಾಗೆ ಸುಮಾರು 40 ಮೀಟರ್ ಅಗಲಕ್ಕೆ ಹರಡಿದೆ. ಆ ಮರದ ಚಿತ್ರ ಬಳಸಲು ಕಂಪನಿ ತೋಟದವರಿಗೆ ವರ್ಷ ವರ್ಷ ದುಡ್ಡು ಕೊಡುತ್ತದೆ.

ಇದು ಯಾವ ಮರ ಅಂತ ಜಪಾನಿನ ಮಕ್ಕಳು 50 ವರ್ಷಗಳಿಂದ ಹಾಡುತ್ತಿದ್ದಾರೆ. ಬೆಂಗಳೂರಿನ ಕೇಳುಗರು ನಾಳೆ ಕಬ್ಬನ್ ಪಾರ್ಕಿನ ಕಡೆ ಹೋದರೆ ಸ್ವಲ್ಪ ತಲೆ ಎತ್ತಿ ನೋಡಿ. ಸಂಜೆಯಾದರೆ ಎಲೆ ಮಡಚಿಕೊಳ್ಳುತ್ತದಲ್ಲ, ಗುಲಾಬಿ ಕುಚ್ಚಿನಂಥ ಹೂ ಉದುರಿಸುತ್ತದಲ್ಲ, ಅದೇ. ನಮ್ಮ ಮಳೆಮರ.

ನಮಸ್ಕಾರ.