ಗಲ್ಲಾದಿಂದ ಏಳುವ ಲೆಕ್ಕ

ಕೇಳುಗರಿಗೆ ನಮಸ್ಕಾರ.

ದಿನಸಿ ಅಂಗಡಿ ಇಟ್ಟವರ ದಿನ ಬೆಳಿಗ್ಗೆ ಹಾಲಿನ ಕ್ರೇಟ್ ಇಳಿಸಿಕೊಳ್ಳುವಾಗ ಶುರುವಾದರೆ ರಾತ್ರಿ ಶಟರ್ ಎಳೆದು ಬೀಗ ಹಾಕುವಾಗಲೇ ಮುಗಿಯುವುದು. ನಡುವೆ ಹದಿನಾಲ್ಕು ಹದಿನೈದು ಗಂಟೆ. ವ್ಯಾಯಾಮ ಮಾಡುತ್ತೀರಾ ಎಂದು ಇವರನ್ನು ಕೇಳಿ ನೋಡಿ, ಬರುವ ಉತ್ತರ ಎರಡೇ. "ಹೊತ್ತೆಲ್ಲಿದೆ ಸ್ವಾಮಿ" ಎನ್ನುವುದು ಒಂದು. "ದಿನವಿಡೀ ನಿಂತೇ ಇರ್ತೀವಿ, ಮೂಟೆ ಎತ್ತಿ ಇಳಿಸ್ತೀವಿ, ಇನ್ಯಾವ ವ್ಯಾಯಾಮ ಬೇಕು" ಎನ್ನುವುದು ಇನ್ನೊಂದು. ಹೊತ್ತಿಲ್ಲ ಎನ್ನುವುದಕ್ಕೆ ಉಪಾಯವಿದೆ. ಎರಡನೆಯದು ತಪ್ಪು ತಿಳಿವಳಿಕೆ. ಅದನ್ನೇ ಮೊದಲು ನೋಡೋಣ.

ನಿಲ್ಲುವುದರ ಲೆಕ್ಕ ಹೀಗಿದೆ. ಕೂತಾಗ ಖರ್ಚಾಗುವುದಕ್ಕಿಂತ ನಿಂತಾಗ ಹೆಚ್ಚಿಗೆ ಖರ್ಚಾಗುವ ಶಕ್ತಿ ನಿಮಿಷಕ್ಕೆ ಸುಮಾರು 0.15 ಕಿಲೊಕ್ಯಾಲರಿ. ಆರು ಗಂಟೆ ನಿಂತರೆ 54 ಕಿಲೊಕ್ಯಾಲರಿ. ನಿಮ್ಮದೇ ಅಂಗಡಿಯ ಎರಡು ಮಾರಿ ಬಿಸ್ಕತ್ತು ತಿಂದರೆ ಅಷ್ಟೂ ವಾಪಸ್. ನಿಂತಿದ್ದರಿಂದ ಎದೆಬಡಿತ ಹೇಳಿಕೊಳ್ಳುವಷ್ಟು ಏರುವುದಿಲ್ಲ, ಸ್ನಾಯು ಬಲಿಯುವುದಿಲ್ಲ. ಒಂದೇ ಕಡೆ ನಿಂತವರಿಗೆ ಹಿಮ್ಮಡಿ ನೋವು, ಕಾಲಿನ ನರ ಉಬ್ಬುವುದು ಮಾತ್ರ ಧಾರಾಳವಾಗಿ ಬರುತ್ತದೆ.

ಮೂಟೆ ಎತ್ತುವುದು? ಇಲ್ಲಿ ವಿಷಯ ಸ್ವಲ್ಪ ವಿಚಿತ್ರ. 1953ರಲ್ಲಿ ಜೆರ್ರಿ ಮಾರಿಸ್ ಮತ್ತು ಸಂಗಡಿಗರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಲಂಡನ್ ಬಸ್ ನೌಕರರ ಅಧ್ಯಯನ ಪ್ರಕಟಿಸಿದರು. ದಿನವಿಡೀ ಕೂತು ಬಸ್ ಓಡಿಸುವ ಚಾಲಕರಿಗಿಂತ, ಡಬಲ್ ಡೆಕ್ಕರ್ ಬಸ್ಸಿನ ಮೆಟ್ಟಿಲು ಹತ್ತಿ ಇಳಿದು ಟಿಕೆಟ್ ಕೊಡುವ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ ಎಂದು ಅದರಲ್ಲಿ ಕಂಡಿತು. ಹಾಗಾದರೆ ಮೈಮುರಿದು ದುಡಿಯುವವರೆಲ್ಲ ಗಟ್ಟಿಮುಟ್ಟಾಗಿರಬೇಕಲ್ಲ? ಹಾಗಾಗಿಲ್ಲ. ಡೆನ್ಮಾರ್ಕಿನ ಆಂಡ್ರಿಯಾಸ್ ಹೋಲ್ಟರ್‌ಮನ್ ಅವರಂಥ ಸಂಶೋಧಕರು ತೋರಿಸಿರುವಂತೆ, ವಿರಾಮದಲ್ಲಿ ಮಾಡುವ ವ್ಯಾಯಾಮ ಹೃದಯಕ್ಕೆ ಒಳ್ಳೆಯದಾದರೆ ದಿನವಿಡೀ ಭಾರ ಹೊರುವ ದುಡಿಮೆ ಅನೇಕ ವೇಳೆ ಆ ಲಾಭ ಕೊಡುವುದಿಲ್ಲ, ತಿರುಗಿ ಕೆಡುಕೂ ಮಾಡುತ್ತದೆ. ಅವರು ಕೊಡುವ ಕಾರಣ ಅರ್ಥವಾಗುವಂಥದ್ದೇ. ದುಡಿಮೆಯ ಶ್ರಮ ಉದ್ದ ಜಾಸ್ತಿ, ಬಿಸಿ ಕಡಿಮೆ. ಎಂಟು ಗಂಟೆ ಎಳೆದಾಡುತ್ತದೆ, ಆದರೆ ಏದುಸಿರು ಬರುವಷ್ಟು ಏರುವುದಿಲ್ಲ. ರಕ್ತದೊತ್ತಡ ಹೊತ್ತುಹೊತ್ತಿಗೂ ಏರಿಯೇ ಇರುತ್ತದೆ, ಸುಧಾರಿಸಿಕೊಳ್ಳಲು ಬಿಡುವಿರುವುದಿಲ್ಲ.

ಎಪಿಎಂಸಿ ಯಾರ್ಡಿನ ಹಮಾಲಿಗೆ ಲಾರಿ ನಿಂತಾಗ ಇಳಿಸಲೇಬೇಕು. ಎಷ್ಟು ಭಾರ, ಎಷ್ಟು ಹೊತ್ತು, ಯಾವಾಗ ವಿಶ್ರಾಂತಿ ಎನ್ನುವುದು ಅವನ ಕೈಯಲ್ಲಿಲ್ಲ. ಅಂಗಡಿಯ ಮಾಲೀಕನ ಕೈಯಲ್ಲಿ ಇದೆ. ಇವತ್ತಿನ ಮಾತೆಲ್ಲ ಈ ಒಂದು ಸವಲತ್ತನ್ನು ಹೇಗೆ ಬಳಸಿಕೊಳ್ಳುವುದು ಎಂಬುದರ ಬಗ್ಗೆ.

ಬೇಕಾದ ಪ್ರಮಾಣ ಇಷ್ಟು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಜೊತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯು ಬಲಿಯುವ ಕೆಲಸ. ಮಧ್ಯಮ ಶ್ರಮವೆಂದರೆ ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. 2010ರ ಮಾರ್ಗಸೂಚಿಯಲ್ಲಿ ಒಮ್ಮೆಗೆ ಹತ್ತು ನಿಮಿಷವಾದರೂ ಸತತವಾಗಿ ಮಾಡಿದರೆ ಮಾತ್ರ ಲೆಕ್ಕಕ್ಕೆ ಎಂಬ ಕಟ್ಟು ಇತ್ತು. 2020ರಲ್ಲಿ ಅದನ್ನು ಕೈಬಿಟ್ಟರು. ಗಿರಾಕಿ ಯಾವಾಗ ಬರುತ್ತಾರೋ ಗೊತ್ತಿಲ್ಲದ ಅಂಗಡಿಯವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕಿಲ್ಲ. ಮೂರು ನಿಮಿಷ, ಐದು ನಿಮಿಷ, ಎಲ್ಲವೂ ಜಮಾ.

ಈಗ ಮೂಟೆಯ ವಿಷಯಕ್ಕೆ ಬರೋಣ. ಹೆಚ್ಚು ಬೆನ್ನು ಹಾಳಾಗುವುದು ಇಲ್ಲೇ.

ಅಕ್ಕಿ ಚೀಲ ಈಗ 26 ಕೆಜಿಯದಾಗಿ ಬರುವುದು ಯಾಕೆಂದು ನಿಮಗೆ ಗೊತ್ತು. 2022ರ ಜುಲೈ 18ರಿಂದ 25 ಕೆಜಿವರೆಗಿನ ಲೇಬಲ್ ಹಚ್ಚಿದ ಪ್ಯಾಕಿಗೆ ಶೇಕಡಾ 5 ಜಿಎಸ್‌ಟಿ ಬಂತು, ಗಿರಣಿಯವರು ಒಂದು ಕೆಜಿ ಸೇರಿಸಿ ತಪ್ಪಿಸಿಕೊಂಡರು. ತೆರಿಗೆ ಉಳಿಯಿತು, ಆ ಒಂದು ಕೆಜಿ ನಮ್ಮ ಸೊಂಟದ ಮೇಲೆ ಕೂತಿತು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್ ಭಾರ ಎತ್ತಲು ಒಂದು ಸೂತ್ರ ಮಾಡಿದೆ. ಎಲ್ಲ ಅನುಕೂಲವೂ ಇದ್ದಾಗ, ಅಂದರೆ ಭಾರ ಮೈಗೆ ಹತ್ತಿರವಿದ್ದು, ನೆಲದಿಂದ 75 ಸೆಂಟಿಮೀಟರ್ ಎತ್ತರದಲ್ಲಿದ್ದು, ಸೊಂಟ ತಿರುಚದೆ ಎತ್ತುವಾಗ, ಮಿತಿ 23 ಕೆಜಿ. ಕೈಗಳು ಪಾದಗಳ ಗಂಟಿನಿಂದ 25 ಸೆಂಟಿಮೀಟರ್ ಮುಂದಿದ್ದರೆ ಈ ಮಿತಿ. 50 ಸೆಂಟಿಮೀಟರ್ ಮುಂದೆ ಚಾಚಿದರೆ ಅದು ಅರ್ಧಕ್ಕೆ, ಹನ್ನೊಂದೂವರೆ ಕೆಜಿಗೆ ಇಳಿಯುತ್ತದೆ. ನಮ್ಮ ಅಳತೆಯಲ್ಲಿ ಹೇಳುವುದಾದರೆ ಗೇಣಿನಷ್ಟು ದೂರದಲ್ಲಿ ಹಿಡಿದರೆ ಪೂರ್ತಿ, ಮೊಳದಷ್ಟು ದೂರಕ್ಕೆ ಹೋದರೆ ಅರ್ಧ. ನೆಲದ ಮೇಲಿರುವ ಚೀಲಕ್ಕೆ ಮಿತಿ ಇನ್ನೂ ಕೆಳಗೆ. ಕೌಂಟರಿನ ಆಚೆಯಿಂದ ಬಗ್ಗಿ ಬೇಳೆ ಮೂಟೆ ಎಳೆಯುವವರ ಸೊಂಟ ಹಿಡಿಯುವುದು ಭಾರದಿಂದಲ್ಲ, ದೂರದಿಂದ.

ಆದ್ದರಿಂದ ಮೊದಲ ಕೆಲಸ ಅಂಗಡಿಯ ಜೋಡಣೆ. ಮೂಟೆಗಳನ್ನು ನೆಲಕ್ಕೆ ಇಡಬೇಡಿ. ತೇವ ಹಿಡಿಯದಿರಲಿ ಎಂದು ಹಲಗೆ ಹಾಕಿಯೇ ಇರುತ್ತೀರಿ, ಆ ಹಲಗೆಯನ್ನು ಮೊಣಕಾಲಿನ ಎತ್ತರಕ್ಕೆ ಏರಿಸಿ. ಎಣ್ಣೆ ಡಬ್ಬ, ಸಕ್ಕರೆ, ಅಕ್ಕಿ ಎಲ್ಲ ಮೊಣಕಾಲಿಗೂ ಸೊಂಟಕ್ಕೂ ನಡುವೆ ಇರಲಿ. ಹಪ್ಪಳ, ಶಾವಿಗೆ, ಟಿಶ್ಯೂ ಪೇಪರಿನಂಥ ಹಗುರ ಸಾಮಾನು ಮೇಲಿನ ಅಟ್ಟಕ್ಕೆ.

ಎತ್ತುವ ಕ್ರಮ ಹೀಗೆ. ಚೀಲವನ್ನು ಮೊದಲು ನಿಲ್ಲಿಸಿಕೊಳ್ಳಿ. ಒಂದು ಪಾದ ಸ್ವಲ್ಪ ಮುಂದೆ, ಎರಡೂ ಪಾದ ಚೀಲದ ಆಚೀಚೆ. ಒಂದು ಕೈ ಮೇಲಿನ ಮೂಲೆಗೆ, ಇನ್ನೊಂದು ಅದರ ಓರೆಯ ಕೆಳಮೂಲೆಗೆ. ಮೊಣಕಾಲು ಮತ್ತು ತೊಡೆಯ ಸಂದು ಮಡಿಸಿ ಕೂರಿ, ಬೆನ್ನು ಗೂನಾಗಬಾರದು. ಚೀಲವನ್ನು ಮೊದಲು ತೊಡೆಯ ಮೇಲಕ್ಕೆ ಎಳೆದುಕೊಳ್ಳಿ, ಅಲ್ಲಿಂದ ಹೊಟ್ಟೆಗೆ ಒತ್ತಿಕೊಂಡು, ಉಸಿರು ಬಿಡುತ್ತಾ ಏಳಿ. ಪಕ್ಕಕ್ಕೆ ಇಡಬೇಕಾದರೆ ಸೊಂಟ ತಿರುಗಿಸಬೇಡಿ, ಪಾದ ಎತ್ತಿಟ್ಟು ಪೂರ್ತಿ ಮೈ ತಿರುಗಿಸಿ. ಉಸಿರು ಬಿಗಿಹಿಡಿದು ಎತ್ತಿದರೆ ಆ ಕ್ಷಣ ರಕ್ತದೊತ್ತಡ ಜಿಗಿಯುತ್ತದೆ. ಬಿಪಿ ಇರುವವರು, ಹರ್ನಿಯಾ ಇರುವವರು ಇದನ್ನು ಮರೆಯುವಂತಿಲ್ಲ. ಸೊಂಟಕ್ಕೆ ಅಗಲ ಬೆಲ್ಟ್ ಬಿಗಿದರೆ ಸಾಕು ಎಂದು ನಂಬಬೇಡಿ. ಬೆಲ್ಟ್ ಆರೋಗ್ಯವಂತನ ಬೆನ್ನನ್ನು ಕಾಪಾಡುತ್ತದೆ ಎನ್ನಲು ಆಧಾರ ಸಿಕ್ಕಿಲ್ಲ, ಅದು ಕೊಡುವ ಹುಸಿ ಧೈರ್ಯಕ್ಕೆ ಜನ ಇನ್ನೂ ಹತ್ತು ಕೆಜಿ ಜಾಸ್ತಿ ಎತ್ತುತ್ತಾರೆ. 50 ಕೆಜಿಯ ಸಕ್ಕರೆ ಮೂಟೆಯನ್ನು ಒಬ್ಬರೇ ಎತ್ತುವ ಮಾತೇ ಬೇಡ. ಇಬ್ಬರು ಹಿಡಿಯಿರಿ, ಇಲ್ಲವೇ ಕೈಗಾಡಿಯಲ್ಲಿ ತಳ್ಳಿ.

ಇದು ಬರೀ ಜಾಗ್ರತೆಯ ಮಾತಾಯಿತು. ಇದನ್ನು ಕಸರತ್ತಾಗಿ ಮಾಡುವುದು ಹೇಗೆ? ಸರಕು ಬರುವ ದಿನ ವಾರದಲ್ಲಿ ಎರಡು ಇರುತ್ತದೆಯಲ್ಲ, ಆ ಎರಡು ದಿನ ಸ್ನಾಯುಗಳ ದಿನ. 26 ಕೆಜಿ ಚೀಲ ಬಿಚ್ಚಿ ಹೇಗೂ ಡ್ರಮ್ಮಿಗೆ ಸುರಿಯಬೇಕು. ಒಮ್ಮೆಗೇ ಸುರಿಯುವ ಬದಲು ಗಟ್ಟಿ ಕೈಹಿಡಿಯ ಎರಡು ಚೀಲಕ್ಕೆ ಐದೈದು ಕೆಜಿ ತೂಗಿ ಹಾಕಿ, ಎರಡೂ ಕೈಯಲ್ಲಿ ಸಮನಾಗಿ ಹಿಡಿದು, ಹೆಗಲು ಕುಗ್ಗದಂತೆ ಗೋಡೌನಿನಿಂದ ಅಂಗಡಿಗೆ ಇಪ್ಪತ್ತು ಮೂವತ್ತು ಮೀಟರ್ ನಡೆಯಿರಿ. ಇಳಿಸಿ, ಒಂದೂವರೆ ನಿಮಿಷ ನಿಲ್ಲಿ. ಹೀಗೆ ನಾಲ್ಕು ಸಲ. ನಾಲ್ಕನೆಯ ಸಲ ಬೆರಳು ಸೋಲುವಂತಾಗಬೇಕು, ಮುಖ ಕೆಂಪಾಗಬಾರದು. ಎರಡು ವಾರಕ್ಕೊಮ್ಮೆ ಕೈಗೆ ಒಂದೊಂದು ಕೆಜಿ ಏರಿಸಿ. ಜಿಮ್ಮಿನವರಿಗಿಲ್ಲದ ಅನುಕೂಲ ನಿಮಗಿದೆ: ಎದುರಲ್ಲೇ ತಕ್ಕಡಿ. ನೂರು ಗ್ರಾಂ ಕೂಡ ತಪ್ಪದ ಲೆಕ್ಕ ನಿಮ್ಮದು. ಉದ್ರಿ ಪುಸ್ತಕದ ಕೊನೆಯ ಹಾಳೆಯಲ್ಲಿ ತಾರೀಖು, ತೂಕ, ಎಷ್ಟು ಸಲ ಎಂದು ಬರೆದಿಡಿ. ಎಣ್ಣೆ ಡಬ್ಬವನ್ನು ಮಾತ್ರ ಇದಕ್ಕೆ ಬಳಸಬೇಡಿ, ಅದರ ತಂತಿಹಿಡಿ ಅಂಗೈ ಕೊರೆಯುತ್ತದೆ, ಜಾರಿದರೆ ಅಂಗಡಿ ತುಂಬ ಎಣ್ಣೆ.

ಬೆಳಗಿನ ಹೊತ್ತಿಗೆ ಒಂದು ಎಚ್ಚರಿಕೆ. ರಾತ್ರಿ ಮಲಗಿದಾಗ ಬೆನ್ನುಮೂಳೆಯ ಡಿಸ್ಕುಗಳು ನೀರು ಹೀರಿ ಉಬ್ಬಿರುತ್ತವೆ. ಎದ್ದ ಕೂಡಲೇ ನಾವು ಒಂದಿಷ್ಟು ಎತ್ತರವಾಗಿರುವುದು ಇದೇ ಕಾರಣಕ್ಕೆ. ಆ ಹೊತ್ತಿನಲ್ಲಿ ಬಗ್ಗಿ ಭಾರ ಎತ್ತಿದರೆ ಡಿಸ್ಕಿಗೆ ಬೀಳುವ ಒತ್ತಡ ಜಾಸ್ತಿ. ಅರ್ಧ ಲೀಟರಿನ 24 ಪ್ಯಾಕೆಟ್ ಇರುವ ಹಾಲಿನ ಕ್ರೇಟ್ 12 ಕೆಜಿ ದಾಟುತ್ತದೆ, ಅದು ಬರುವುದೂ ನಿದ್ದೆಗಣ್ಣಿನಲ್ಲೇ. ಹಾಲಿನ ಗಾಡಿಯವರಿಗೆ ಹೇಳಿ ಕ್ರೇಟುಗಳನ್ನು ನೆಲಕ್ಕಲ್ಲ, ಸೊಂಟದೆತ್ತರದ ಬೆಂಚಿನ ಮೇಲೆ ಇಡಿಸಿಕೊಳ್ಳಿ. ಎದ್ದ ಮೇಲೆ ಮುಕ್ಕಾಲು ಗಂಟೆ, ಒಂದು ಗಂಟೆ ಕಳೆಯುವವರೆಗೆ ನಿಂತೇ ಗುಡಿಸುವ ಉದ್ದ ಕೋಲಿನ ಪೊರಕೆ, ಒರೆಸುವ ಕೆಲಸ, ಅಷ್ಟೇ ಇರಲಿ.

ಇನ್ನು ಸೈಕಲ್. ಮನೆಗೆ ಸಾಮಾನು ತಲುಪಿಸುವುದು ಈಗ ಅನಿವಾರ್ಯವಾಗಿದೆ. ಎರಡು ಕಿಲೋಮೀಟರ್ ಒಳಗಿನ ಮನೆಗಳಿಗೆ ಸ್ಕೂಟರ್ ಬಿಟ್ಟು ಸೈಕಲ್ ತೆಗೆಯಿರಿ. ಗಂಟೆಗೆ ಹನ್ನೆರಡು ಕಿಲೋಮೀಟರ್ ವೇಗದಲ್ಲಿ ಹೋಗಿ ಬರಲು ಇಪ್ಪತ್ತು ನಿಮಿಷ. ದಿನಕ್ಕೆ ಎರಡು ಸುತ್ತು, ವಾರಕ್ಕೆ ನಾಲ್ಕು ದಿನ ಎಂದರೆ 160 ನಿಮಿಷ. ಮಾರ್ಗಸೂಚಿಯ 150 ಅಲ್ಲಿಗೆ ಮುಗಿಯಿತು. ಪೆಟ್ರೋಲ್ ಉಳಿಯುವುದು ತಿಂಗಳಿಗೆ ಮೂರು ಲೀಟರಿನಷ್ಟು, ಅದೇನು ದೊಡ್ಡ ಲಾಭವಲ್ಲ, ಅದಕ್ಕಾಗಿ ಮಾಡಬೇಡಿ. ಸೀಟಿನ ಎತ್ತರ ನೋಡಿಕೊಳ್ಳಿ: ಪೆಡಲ್ ಕೆಳಗಿದ್ದಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೇರವಾಗಬೇಕು. ಸೀಟು ತಗ್ಗಿದ್ದರೆ ಮೊಣಕಾಲಿನ ಚಿಪ್ಪು ನೋಯುತ್ತದೆ, ಜನ ಸೈಕಲ್ಲಿಗೇ ಬೈಯುತ್ತಾರೆ. ಚೀಲಗಳನ್ನು ಹ್ಯಾಂಡಲ್‌ಗೆ ನೇತುಹಾಕಬೇಡಿ. ತಿರುವಿನಲ್ಲಿ ಅವು ತೂಗಾಡಿ ಮುಂದಿನ ಚಕ್ರವನ್ನು ಎಳೆಯುತ್ತವೆ, ಕಡ್ಡಿಗೂ ಸಿಕ್ಕಿಕೊಳ್ಳುತ್ತವೆ. ಹಿಂದಿನ ಕ್ಯಾರಿಯರಿನ ಎರಡೂ ಬದಿಗೆ ಸಮತೂಕವಾಗಿ, ಆದಷ್ಟು ಕೆಳಗೆ ಕಟ್ಟಿ. ಒಟ್ಟು ಹತ್ತು ಹದಿನೈದು ಕೆಜಿ ಸಾಕು. ಕಲಬುರಗಿ, ರಾಯಚೂರಿನ ಕಡೆಯವರು ಬೇಸಿಗೆಯಲ್ಲಿ ಎರಡೂ ಸುತ್ತನ್ನು ಬೆಳಿಗ್ಗೆ ಒಂಬತ್ತರ ಒಳಗೆ ಮುಗಿಸಿ.

ಸೈಕಲ್ ಆಗದವರಿಗೆ ಮಧ್ಯಾಹ್ನ ಇದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇಕಡಾ 11.4 ಮಂದಿಗೆ ಸಕ್ಕರೆ ಕಾಯಿಲೆ. ಉಂಡ ಮೇಲೆ ರಕ್ತದ ಸಕ್ಕರೆ ಏರುವ ಹೊತ್ತಿನಲ್ಲೇ ಹತ್ತು ಹದಿನೈದು ನಿಮಿಷ ನಡೆದರೆ ಕಾಲಿನ ಸ್ನಾಯುಗಳು ಅದನ್ನು ಬಳಸಿಕೊಳ್ಳುತ್ತವೆ, ಏರಿಕೆ ತಗ್ಗುತ್ತದೆ. ಊಟ ಮುಗಿಸಿ ಗಲ್ಲಾದ ಹಿಂದೆಯೇ ತೂಕಡಿಸುವ ಹೊತ್ತು ಅದು. ಆಗಲೇ ಉದ್ರಿ ವಸೂಲಿಗೆ ಹೊರಡಿ. ಫೋನ್ ಮಾಡಿದರೆ "ನಾಳೆ ಕೊಡ್ತೀನಣ್ಣ" ಎನ್ನುವವರು ಬಾಗಿಲಿಗೆ ಬಂದವರಿಗೆ ಹಾಗೆ ಹೇಳಲು ಹಿಂಜರಿಯುತ್ತಾರೆ. ದಿನಕ್ಕೆ ಎರಡು ಮನೆ ಸಾಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಇಷ್ಟು ಹೊಸ ಶ್ರಮ ಶುರು ಮಾಡುವ ಮುನ್ನ ವೈದ್ಯರಿಗೆ ತಿಳಿಸಿ, ಜೇಬಿನಲ್ಲಿ ಸ್ವಲ್ಪ ಸಕ್ಕರೆ ಇಟ್ಟುಕೊಳ್ಳಿ, ಬರಿಗಾಲಲ್ಲಿ ಅಥವಾ ಸವೆದ ಚಪ್ಪಲಿಯಲ್ಲಿ ನಡೆಯಬೇಡಿ.

ಒಬ್ಬರೇ ಇರುವ ಅಂಗಡಿಯಾದರೆ ಹೊರಗೆ ಹೋಗಲಾಗದು, ನಿಜ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅರ್ಧ ಗಂಟೆಗೊಮ್ಮೆ ಸ್ಟೂಲಿನಿಂದ ಕೈ ಊರದೆ ಹತ್ತು ಸಲ ಎದ್ದು ಕೂರಿ. ಇಳಿಯುವಾಗ ದೊಪ್ಪನೆ ಬೀಳಬೇಡಿ, ಮೂರು ಎಣಿಸುತ್ತಾ ಇಳಿಯಿರಿ. ಕೌಂಟರಿಗೆ ಕೈ ಕೊಟ್ಟು ದಂಡ ಹೊಡೆಯುವ ಆಸೆಯಾದರೆ ಮೊದಲು ಅದು ಗಾಜಿನದೋ ಮರದ್ದೋ ನೋಡಿ. ಶೋಕೇಸಿನ ಗಾಜು ಜೋಡಿಸಿದ ಕಡಲೆಮಿಠಾಯಿಯನ್ನು ತಡೆಯುತ್ತದೆ, ನಿಮ್ಮ ಮೈಭಾರವನ್ನಲ್ಲ. ಗೋಡೆಯೇ ವಾಸಿ. ಬೆಳಿಗ್ಗೆ ಏಳರಿಂದ ಒಂಬತ್ತು, ಸಂಜೆ ಆರರಿಂದ ಎಂಟು, ಈ ರಶ್ಶಿನಲ್ಲಿ ಯಾವುದೂ ಬೇಡ. ಆಗ ಕೈ ಅವಸರಪಡುತ್ತದೆ, ಅವಸರದಲ್ಲಿ ಸೊಂಟ ತಿರುಚುತ್ತದೆ, ಚಿಲ್ಲರೆಯೂ ತಪ್ಪುತ್ತದೆ. ಲೆಕ್ಕಪತ್ರವನ್ನು ಕೂತೇ ಬರೆಯಿರಿ. ಡಿಸ್ಟ್ರಿಬ್ಯೂಟರಿಗೆ ಆರ್ಡರ್ ಹೇಳುವ ಫೋನ್ ಮಾತ್ರ ಓಡಾಡುತ್ತಾ ಆಗಲಿ.

ನಿಲ್ಲಿಸಬೇಕಾದ ಸೂಚನೆಗಳನ್ನೂ ತಿಳಿದಿರಿ. ಎದೆಯಲ್ಲಿ ಬಿಗಿತ, ಎಡಗೈಗೋ ದವಡೆಗೋ ಹರಿಯುವ ನೋವು, ತಣ್ಣನೆ ಬೆವರು, ಇವು ಕಂಡರೆ ಸೋಡಾ ಕುಡಿದು ನೋಡೋಣ ಎನ್ನದೆ ನೇರ ಆಸ್ಪತ್ರೆಗೆ. ಸೊಂಟನೋವು ಮೊಣಕಾಲು ದಾಟಿ ಕೆಳಗಿಳಿದರೆ, ಪಾದ ಜೋಮು ಹಿಡಿದರೆ ಮೂಟೆ ಮುಟ್ಟಬೇಡಿ, ವೈದ್ಯರಿಗೆ ತೋರಿಸಿ.

ಕೊನೆಗೆ ಶಟರ್. ದಿನಕ್ಕೆ ಎರಡು ಸಲ ಎತ್ತಿ ಇಳಿಸುವ ಇದು ಒಳ್ಳೆಯ ಬೈಠಕ್, ಸರಿಯಾಗಿ ಮಾಡಿದರೆ. ಮಧ್ಯದಲ್ಲಿ ನಿಂತು, ಎರಡೂ ಕೈಯಲ್ಲಿ ಹಿಡಿದು, ಕುಕ್ಕರಗಾಲಿನಿಂದ ಏಳುತ್ತಾ ಎತ್ತಿ. ಒಂದೇ ಕೈಯಲ್ಲಿ ಜಗ್ಗಿದರೆ ಹೆಗಲು ಉಳುಕುತ್ತದೆ, ಶಟರ್ ಒಂದು ಬದಿಗೆ ವಾಲಿ ಇನ್ನೂ ಬಿಗಿಯಾಗುತ್ತದೆ. ಹಿಟ್ಟು, ಬೇಳೆಯ ಧೂಳಿರುವ ಅಂಗಡಿಯಲ್ಲಿ ಪಕ್ಕದ ಪಟ್ಟಿಗೆ ಗ್ರೀಸ್ ಹಚ್ಚಿದರೆ ಅದು ಧೂಳಿನ ಜೊತೆ ಸೇರಿ ಅಂಟಾಗುತ್ತದೆ. ಒಣಬಟ್ಟೆಯಲ್ಲಿ ಒರೆಸಿ ಮೇಣದಬತ್ತಿ ಉಜ್ಜಿ. ಆಮೇಲೂ ಏಳದಿದ್ದರೆ ಮೇಲಿನ ಸ್ಪ್ರಿಂಗ್ ಸಡಿಲವಾಗಿರುತ್ತದೆ. ಅದನ್ನು ನೀವೇ ಬಿಚ್ಚಬೇಡಿ, ಸುತ್ತಿದ ಸ್ಪ್ರಿಂಗ್ ಕೈ ಮುರಿಯಬಲ್ಲದು. ಮೆಕ್ಯಾನಿಕ್ಕನ್ನೇ ಕರೆಸಿ.

ನಮಸ್ಕಾರ.