ಕಿಚ್ಚಿಲ್ಲದ ಬೇಗೆ, ಸುಣ್ಣ ನುಂಗಿದ ಗೋಡೆ

ಕೇಳುಗರಿಗೆ ನಮಸ್ಕಾರ.

ಮದುವೆ ಮನೆಯಿಂದ ಬಂದವರು ‘ಊಟ ಭಯಂಕರ ಚೆನ್ನಾಗಿತ್ತು’ ಅನ್ನುತ್ತಾರೆ. ಊಟದಲ್ಲಿ ಹೆದರುವಂಥದ್ದು ಏನಿತ್ತು ಅಂತ ಯಾರೂ ಕೇಳುವುದಿಲ್ಲ. ಒಂದಕ್ಕೊಂದು ಆಗಿಬರದ ಎರಡು ಮಾತನ್ನು ಪಕ್ಕಪಕ್ಕ ಕೂರಿಸುವುದು ನಮಗೆ ಅಷ್ಟು ಸಲೀಸು. ಕವಿಗಳು ಇದನ್ನೇ ಬೇಕೆಂದು ಮಾಡಿದರೆ ಅದಕ್ಕೆ ವಿರೋಧಾಭಾಸ ಎಂಬ ಹೆಸರು. ಉಪಮೆ, ರೂಪಕ, ಉತ್ಪ್ರೇಕ್ಷೆಗಳ ಜೊತೆ ಇದನ್ನೂ ಶಾಲೆಯಲ್ಲಿ ಉರು ಹೊಡೆದು, ಪರೀಕ್ಷೆ ಮುಗಿದ ಮೇಲೆ ಮರೆತವರೇ ಹೆಚ್ಚು. ಇವತ್ತು ಆ ಉಳಿದವನ್ನು ಪಕ್ಕಕ್ಕಿಟ್ಟು ವಿರೋಧಾಭಾಸದ ಬಗ್ಗೆಯೇ ಮಾತಾಡುತ್ತೇನೆ. ಯಾಕೆಂದರೆ ಕವಿ ನಿಜ ಹೇಳುತ್ತಿದ್ದಾನೋ ಸುಮ್ನೆ ಜಾಣತನ ತೋರಿಸುತ್ತಿದ್ದಾನೋ ಎಂಬುದು ಇಲ್ಲಿ ಬೇಗ ಗೊತ್ತಾಗುತ್ತದೆ.

ಜಾಣತನದಿಂದಲೇ ಶುರು ಮಾಡೋಣ. ‘ನಮ್ಮ ರಾಜನಿಗೆ ಕರವಿದೆ, ಆದರೂ ಅವನ ನಾಡಿನಲ್ಲಿ ಕರವಿಲ್ಲ.’ ಇದು ನಾನೇ ಕಟ್ಟಿದ ಸಾಲು, ಅಂಥ ದೊಡ್ಡ ಕವಿತೆಯೇನೂ ಅಲ್ಲ. ಮೊದಲ ಕರ ಎಂದರೆ ಕೈ, ಎರಡನೆಯದು ತೆರಿಗೆ. ಇಷ್ಟು ಗೊತ್ತಾದರೆ ಗಂಟು ಬಿಚ್ಚಿತು. ಬಿಚ್ಚಿದ ಮೇಲೆ ಒಳಗೆ ಏನೂ ಉಳಿಯಲಿಲ್ಲ, ಅಲ್ವಾ? ಆಸ್ಥಾನದ ಕವಿಗಳಿಗೆ ಈ ಆಟ ಬಹಳ ಇಷ್ಟ. ಸಂಸ್ಕೃತದಲ್ಲಿ ಬಾಣನ ಕಾದಂಬರಿ ತೆರೆದರೆ ಇಂಥವು ಸಾಲುಸಾಲಾಗಿ ಸಿಗುತ್ತವೆ. ಕನ್ನಡದಲ್ಲೂ 9ನೇ ಶತಮಾನದ ಕವಿರಾಜಮಾರ್ಗದ ಹೊತ್ತಿಗೇ ಅಲಂಕಾರಗಳನ್ನು ಹೆಸರಿಟ್ಟು ವಿಂಗಡಿಸಿದ್ದಾರೆ. ಓದಲು ಖುಷಿಯಾಗುತ್ತದೆ. ಆದರೆ ಒಗಟು ಬಿಡಿಸಿದ ಖುಷಿ ಅದು.

ಈ ಆಟವನ್ನೇ ಪಾತ್ರದ ಬಾಯಿಗೆ ಹಾಕಿ, ಪಾತ್ರದ ಬಣ್ಣ ಬಯಲು ಮಾಡಿದವನು ಶೇಕ್ಸ್‌ಪಿಯರ್. ಅವನ ರೋಮಿಯೋ ನಾಟಕದ ಮೊದಲ ದೃಶ್ಯದಲ್ಲೇ ಪ್ರೀತಿಯ ಬಗ್ಗೆ ಬಡಬಡಿಸುತ್ತಾನೆ. ಸೀಸದ ಗರಿ, ಹೊಳೆಯುವ ಹೊಗೆ, ತಣ್ಣನೆಯ ಬೆಂಕಿ, ರೋಗ ಹಿಡಿದ ಆರೋಗ್ಯ. ಒಂದರ ಮೇಲೊಂದು ಪೇರಿಸುತ್ತಾನೆ. ಇದೆಲ್ಲ ಜೂಲಿಯೆಟ್‌ಗಾಗಿ ಅಂದುಕೊಂಡರೆ ತಪ್ಪು. ಅವಳನ್ನು ಅವನು ಇನ್ನೂ ನೋಡಿಯೇ ಇಲ್ಲ! ಇದು ರೋಸಲಿನ್ ಎಂಬ ಹುಡುಗಿಗಾಗಿ. ಆ ರಾತ್ರಿಯೇ ಜೂಲಿಯೆಟ್ ಕಣ್ಣಿಗೆ ಬಿದ್ದದ್ದೇ ತಡ, ರೋಸಲಿನ್ ಮರೆತುಹೋಗುತ್ತಾಳೆ. ಅಂದಿನ ಪ್ರೇಮಕವಿತೆಗಳಲ್ಲಿ ಸವೆದುಹೋಗಿದ್ದ ಮಾತುಗಳನ್ನು ಈ ಹುಡುಗ ಎರವಲು ತಂದು ಆಡುತ್ತಿದ್ದಾನೆ.

ಮೂರನೇ ಅಂಕದಲ್ಲಿ ಜೂಲಿಯೆಟ್ ಕೂಡ ಇಂಥದ್ದೇ ಮಾತಾಡುತ್ತಾಳೆ. ‘ಚೆಲುವಾದ ಕ್ರೂರಿ, ದೇವದೂತನಂಥ ಪಿಶಾಚಿ’ ಅನ್ನುತ್ತಾಳೆ. ಆದರೆ ಅವಳ ಸ್ಥಿತಿ ನೋಡಿ. ಮದುವೆಯಾಗಿ ಒಂದು ದಿನವೂ ಕಳೆದಿಲ್ಲ. ಗಂಡನೇ ಅವಳ ಸೋದರ ಸಂಬಂಧಿಯನ್ನು ಕೊಂದಿದ್ದಾನೆ. ಅವಳ ಜೀವವೇ ಎರಡು ಕಡೆಗೆ ಎಳೆಯುತ್ತಿದೆ, ಮಾತು ಎರಡಾಗದೆ ಇನ್ನೇನಾದೀತು? ಅಲಂಕಾರ ಅದೇ, ನಾಟಕವೂ ಅದೇ. ರೋಮಿಯೋನ ಮಾತಿಗೆ ನಗು ಬರುತ್ತದೆ, ಇವಳ ಮಾತಿಗೆ ಬರುವುದಿಲ್ಲ.

ಈಗ ನಮ್ಮ 12ನೇ ಶತಮಾನಕ್ಕೆ ಬನ್ನಿ. ಅಕ್ಕಮಹಾದೇವಿಯ ಒಂದು ವಚನ:

‘ಕಿಚ್ಚಿಲ್ಲದ ಬೇಗೆಯಲಿ ಬೆಂದೆನವ್ವಾ,
ಏರಿಲ್ಲದ ಘಾಯದಲಿ ನೊಂದೆನವ್ವಾ,
ಸುಖವಿಲ್ಲದೆ ಧಾವತಿಗೊಂಡೆನವ್ವಾ,
ಚೆನ್ನಮಲ್ಲಿಕಾರ್ಜುನದೇವಂಗೊಲಿದು
ಬಾರದ ಭವಂಗಳಲಿ ಬಂದೆನವ್ವಾ.’

ಬೆಂಕಿ ಇಲ್ಲ, ಆದರೂ ಬೆಂದೆ. ಇರಿತ ಇಲ್ಲ, ಆದರೂ ಗಾಯ. ಪಂಡಿತರು ಇದನ್ನು ವಿಭಾವನೆ ಅನ್ನಬಹುದು. ಕಾರಣವಿಲ್ಲದೆ ಕಾರ್ಯ ನಡೆದಂತೆ ಹೇಳುವುದು ವಿಭಾವನೆ. ಇದು ವಿರೋಧಾಭಾಸದ ಹತ್ತಿರದ ನೆಂಟ. ಹೆಸರು ಏನೇ ಇರಲಿ, ರಾಜನ ಕರದಂತೆ ಇದನ್ನು ಬಿಡಿಸಿ ಮುಗಿಸಲು ಆಗುವುದಿಲ್ಲ. ಇಲ್ಲಿ ಒಂದು ಪದಕ್ಕೆ ಎರಡು ಅರ್ಥ ಇಲ್ಲ. ಬೆಂದದ್ದು ನಿಜ, ಕಿಚ್ಚು ಇಲ್ಲದ್ದೂ ನಿಜ. ಎರಡನ್ನೂ ಒಪ್ಪಬೇಕು.

ಮಾತು ಎಷ್ಟು ಸಾದಾ ಆಗಿದೆ ಗಮನಿಸಿ. ಬೆಂದೆ, ನೊಂದೆ, ಬಂದೆ. ಅಡುಗೆಮನೆಯಲ್ಲಿ ಕೂತು ಇನ್ನೊಬ್ಬ ಹೆಂಗಸಿಗೆ ಕಷ್ಟ ಹೇಳಿಕೊಂಡಂತೆ ಸಾಲಿಗೊಂದು ‘ಅವ್ವಾ’ ಬೇರೆ. ವಿಚಿತ್ರವೆಲ್ಲ ಇರುವುದು ‘ಇಲ್ಲದ’ ಎಂಬಲ್ಲಿ ಮಾತ್ರ. ಕಿಚ್ಚು ಇದ್ದಿದ್ದರೆ ನೀರು ಹಾಕಬಹುದಿತ್ತು. ಇರಿದವನು ಇದ್ದಿದ್ದರೆ ಅವನನ್ನು ಬೈಯಬಹುದಿತ್ತು. ಕಾರಣವನ್ನೇ ತೆಗೆದುಹಾಕಿ, ಅಕ್ಕ ತನ್ನ ನೋವಿಗೆ ಮದ್ದು ಇಲ್ಲದಂತೆ ಮಾಡಿಬಿಟ್ಟಳು. ಮೂರನೇ ಸಾಲು ನನಗೆ ಬಹಳ ಇಷ್ಟ. ಅದರಲ್ಲಿ ವಿರೋಧವೂ ಇಲ್ಲ, ಅಲಂಕಾರವೂ ಇಲ್ಲ. ಸುಖವಿಲ್ಲದೆ ಒದ್ದಾಡಿದೆ, ಅಷ್ಟೇ. ರೋಮಿಯೋ ಆಗಿದ್ದರೆ ಅಲ್ಲೂ ಇನ್ನೊಂದು ಚಮತ್ಕಾರ ತುರುಕುತ್ತಿದ್ದ.

ಇನ್ನೊಂದು ವಚನದಲ್ಲಿ ಅವಳು ಒಲಿದದ್ದು ‘ಸಾವಿಲ್ಲದ ಕೇಡಿಲ್ಲದ ರೂಹಿಲ್ಲದ ಚೆಲುವ’ನಿಗೆ. ರೂಪವೇ ಇಲ್ಲದವನು ಚೆಲುವ ಹೇಗಾದ? ಉತ್ತರ ಕೊಡುವ ಗೋಜಿಗೆ ಅಕ್ಕ ಹೋಗುವುದಿಲ್ಲ. ವಚನದ ಕೊನೆಗೆ ‘ಈ ಸಾವ ಕೆಡುವ ಗಂಡರನೊಯ್ದು ಒಲೆಯೊಳಗಿಕ್ಕು ತಾಯೆ’ ಎಂದುಬಿಡುತ್ತಾಳೆ. ಅಷ್ಟು ಎತ್ತರಕ್ಕೆ ಹೋದ ಮಾತು ನೇರ ಒಲೆಗೆ ಬಂದು ಬೀಳುತ್ತದೆ. ಈ ಧೈರ್ಯ ಎಲ್ಲ ಕವಿಗಳಿಗೂ ಇರುವುದಿಲ್ಲ.

ಅಲ್ಲಮಪ್ರಭುವಿನ ರೀತಿ ಬೇರೆ. ‘ಶಿಲೆಯೊಳಗಣ ಪಾವಕದಂತೆ, ಉದಕದೊಳಗಣ ಪ್ರತಿಬಿಂಬದಂತೆ, ಬೀಜದೊಳಗಣ ವೃಕ್ಷದಂತೆ, ಶಬ್ದದೊಳಗಣ ನಿಶ್ಶಬ್ದದಂತೆ’ ಅನ್ನುತ್ತಾನೆ. ಕಲ್ಲಿಗೆ ಕಲ್ಲು ತಾಕಿದರೆ ಕಿಡಿ, ಅದನ್ನು ಒಪ್ಪಿದೆವು. ನೀರಿನಲ್ಲಿ ಬಿಂಬ, ಒಪ್ಪಿದೆವು. ಬೀಜದಲ್ಲಿ ಮರ, ಅದಕ್ಕೂ ತಕರಾರಿಲ್ಲ. ಹೀಗೆ ಮೂರು ಸಲ ತಲೆಯಾಡಿಸಿದ ಮೇಲೆ ನಾಲ್ಕನೆಯದಕ್ಕೂ ತಲೆಯಾಡಿಸುತ್ತೇವೆ. ಶಬ್ದದೊಳಗೆ ನಿಶ್ಶಬ್ದ ಎಲ್ಲಿಂದ ಬಂತು ಎಂದು ಆಮೇಲೆ ಹೊಳೆಯುತ್ತದೆ. ಮೊದಲ ಸಾಲಿನಲ್ಲೇ ಇದನ್ನು ಹೇಳಿದ್ದರೆ ನಾವು ನಂಬುತ್ತಿರಲಿಲ್ಲ. ಇಲ್ಲಿ ಉಪಮೆಗಳು ವಿರೋಧಾಭಾಸಕ್ಕೆ ಮೆಟ್ಟಿಲು ಕಟ್ಟಿಕೊಟ್ಟಿವೆ.

ಇನ್ನು ಶಿಶುನಾಳ ಶರೀಫರು. 1819ರಲ್ಲಿ ಹುಟ್ಟಿ 1889ರವರೆಗೆ ಬಾಳಿದವರು. ಅವರ ಈ ತತ್ವಪದ ಗೊತ್ತಿಲ್ಲದ ಕನ್ನಡಿಗರು ಕಡಿಮೆ. ‘ಕೋಡಗನ ಕೋಳಿ ನುಂಗಿತ್ತ, ನೋಡವ್ವ ತಂಗಿ.’ ಕೋಳಿ ಕೋತಿಯನ್ನು ನುಂಗಿತು. ಆಡು ಆನೆಯನ್ನು ನುಂಗಿತು. ಮಕ್ಕಳು ನಗುತ್ತಾರೆ, ದೊಡ್ಡವರು ಇದರಲ್ಲೇನೋ ವೇದಾಂತ ಇದೆ ಎಂದು ಗಂಭೀರವಾಗುತ್ತಾರೆ. ಕೋತಿ ಎಂದರೆ ಚಂಚಲ ಮನಸ್ಸು ಎಂದು ಪಟ್ಟಿ ಮಾಡಿ ಅರ್ಥ ಹೇಳುವವರೂ ಇದ್ದಾರೆ. ಇರಲಿ, ಬೇಡ ಅನ್ನುವುದಿಲ್ಲ. ಆದರೆ ಆ ಪಟ್ಟಿಯ ಅವಸರದಲ್ಲಿ ಒಂದು ಕೀಟಲೆ ಕೈತಪ್ಪಿಹೋಗುತ್ತದೆ.

ಆಡು ಆನೆಯನ್ನು ನುಂಗಿದ ಮರುಕ್ಷಣ ಶರೀಫರು ‘ಗೋಡೆ ಸುಣ್ಣವ ನುಂಗಿ’ ಅನ್ನುತ್ತಾರೆ. ತಡೆಯಿರಿ, ಇದು ಅಸಾಧ್ಯವೇನಲ್ಲವಲ್ಲ! ಹೊಸ ಗೋಡೆ ಸುಣ್ಣ ಎಳೆದುಕೊಳ್ಳುವುದು ಸುಣ್ಣ ಬಳಿದವರಿಗೆಲ್ಲ ಗೊತ್ತು. ಮುಂದೆ ಒರಳು ಒನಕೆಯನ್ನು ನುಂಗುತ್ತದೆ. ಕುಟ್ಟುವಾಗ ದಿನಾ ನಡೆಯುವುದೇ ಅದು. ಅದರ ಬೆನ್ನಿಗೇ, ಕುಟ್ಟಲು ಬಂದ ಮುದುಕಿಯನ್ನು ನೊಣ ನುಂಗುತ್ತದೆ. ಆಗದ್ದು, ಆಗುವುದು, ಮತ್ತೆ ಆಗದ್ದು. ಎಲ್ಲಕ್ಕೂ ಒಂದೇ ಕ್ರಿಯಾಪದ, ಒಂದೇ ಧಾಟಿ. ಹಾಡಿನ ಓಟದಲ್ಲಿ ಯಾವುದು ಸುಳ್ಳು, ಯಾವುದು ಕಣ್ಣೆದುರಿನ ನಿಜ ಎಂದು ಬೇರ್ಪಡಿಸಲು ಪುರುಸೊತ್ತು ಸಿಗುವುದಿಲ್ಲ. ವಿರೋಧ ಕೋಳಿಯಲ್ಲೂ ಇಲ್ಲ, ಕೋಡಗದಲ್ಲೂ ಇಲ್ಲ. ನಾವು ದಿನಾ ನೋಡಿಯೂ ಬೆರಗಾಗದೆ ಬಿಟ್ಟದ್ದರಲ್ಲಿ ಇದೆ ಎಂದು ನನಗನ್ನಿಸುತ್ತದೆ.

ಪದದ ಕೊನೆಯ ಸಾಲಿನಲ್ಲಿ ಕಳಸದ ಗುರು ಗೋವಿಂದ ಭಟ್ಟರು ಬರುತ್ತಾರೆ. ‘ಗೋವಿಂದ ಗುರುವಿನ ಪಾದ ನನ್ನನೆ ನುಂಗಿತ್ತ.’ ಅಲ್ಲಿಯವರೆಗೆ ತಂಗಿಗೆ ಬೇರೆಯವರ ಕಥೆ ತೋರಿಸುತ್ತಿದ್ದ ಹಾಡುಗಾರ ತಾನೇ ನುಂಗಿಸಿಕೊಂಡ. ಮುಸ್ಲಿಂ ಶಿಷ್ಯ, ಬ್ರಾಹ್ಮಣ ಗುರು. ಅಂದಿನ ಊರಿನವರ ಕಣ್ಣಿಗೆ ಇದೇ ಎಲ್ಲಕ್ಕಿಂತ ದೊಡ್ಡ ಆಗದ ಮಾತು. ಅದನ್ನು ಶರೀಫರು ಸುಣ್ಣ, ಒರಳು, ಮುದುಕಿಯ ಸಾಲಿನಲ್ಲೇ ಸೇರಿಸಿ, ಅದೇ ಕ್ರಿಯಾಪದದಲ್ಲಿ ಹೇಳಿ ಮುಗಿಸುತ್ತಾರೆ. ಹಾಡುವವರು ಎಷ್ಟೋ ಸಲ ಈ ಸಾಲನ್ನೂ ಹಿಂದಿನದರ ರಭಸದಲ್ಲೇ ದಾಟಿಬಿಡುತ್ತಾರೆ. ಅಲ್ಲಿ ಸ್ವಲ್ಪ ನಿಧಾನಿಸಿದರೆ ಚೆನ್ನ ಅಂತ ನನಗೆ ಪ್ರತಿ ಸಲವೂ ಅನ್ನಿಸಿದೆ.

ನಮಸ್ಕಾರ.