ಹಳೆಯ ಬಳಗದಲ್ಲಿ ಕದನದ ನಿಯಮಗಳನ್ನು ತಿದ್ದುವ ಬಗೆ

ಆತ್ಮೀಯರೇ,

ಒಬ್ಬೊಬ್ಬರು ಒಂದೊಂದು ಕಾಲ್ಪನಿಕ ಪಾತ್ರ ವಹಿಸಿ ಮೇಜಿನ ಸುತ್ತ ಕುಳಿತು ಆಡುವ ರೋಲ್ ಪ್ಲೇಯಿಂಗ್ ಆಟಗಳಲ್ಲಿ ಕದನದ ನಿಯಮಗಳ ಮೇಲೆ ಬೀಳುವಷ್ಟು ತಿದ್ದುಪಡಿಯ ಕಣ್ಣು ಬೇರಾವ ಭಾಗದ ಮೇಲೂ ಬೀಳುವುದಿಲ್ಲ. ಮಾತುಕತೆಯ ಸನ್ನಿವೇಶವನ್ನು, ಕಥೆಯನ್ನೂ ಶತ್ರುಗಳನ್ನೂ ನಡೆಸುವ ಗೇಮ್ ಮಾಸ್ಟರ್ ತಮ್ಮ ವಿವೇಚನೆಯಿಂದಲೇ ನಡೆಸಿಬಿಡಬಹುದು. ಕದನದಲ್ಲಿ ಮಾತ್ರ ಯಾರ ಸರದಿ ಮೊದಲು, ಪೆಟ್ಟು ತಗಲಿತೇ, ಎಷ್ಟು ತಗಲಿತು, ಬಿದ್ದವರು ಏಳುವರೇ ಎಂಬ ಒಂದೊಂದು ಪ್ರಶ್ನೆಗೂ ಅಂಕಿಯಲ್ಲೇ ಉತ್ತರ ಬೇಕಾಗುತ್ತದೆ. ಆ ಉತ್ತರದ ಮೇಲೆ ಯಾರೋ ಅಕ್ಕರೆಯಿಂದ ಬೆಳೆಸಿದ ಪಾತ್ರವೊಂದರ ಅಳಿವು ಉಳಿವು ನಿಂತಿರುತ್ತದೆ. ಅತೃಪ್ತಿ ಮೊದಲು ತಲೆಯೆತ್ತುವುದು ಅಲ್ಲಿಯೇ ಎಂಬುದರಲ್ಲಿ ಆಶ್ಚರ್ಯವಿಲ್ಲ.

ನಾನು ಇಲ್ಲಿ ಮಾತನಾಡಲಿರುವುದು ವರ್ಷಗಳಿಂದ ಒಂದೇ ಬಳಗವಾಗಿ ಆಡುತ್ತ ಬಂದವರನ್ನು ಕುರಿತು. ಹೊಸ ಗುಂಪೊಂದು ನಿಯಮ ತಿದ್ದಿದರೆ ಪುಸ್ತಕದ ಒಂದು ಸಾಲು ಬದಲಾಗುತ್ತದೆ, ಅಷ್ಟೆ. ಹಳೆಯ ಬಳಗದಲ್ಲಿ ಆ ಸಾಲನ್ನು ನೆಚ್ಚಿಕೊಂಡು ಒಬ್ಬರು ತಮ್ಮ ಪಾತ್ರಕ್ಕೆ ಹಂತ ಹಂತವಾಗಿ ಸಾಮರ್ಥ್ಯಗಳನ್ನು ಆರಿಸಿರುತ್ತಾರೆ, ಇನ್ನೊಬ್ಬರು ಅದಕ್ಕೆ ಹೊಂದುವ ಯುದ್ಧತಂತ್ರವನ್ನು ರೂಢಿಸಿಕೊಂಡಿರುತ್ತಾರೆ, ಗೇಮ್ ಮಾಸ್ಟರ್ ಮುಂದಿನ ಶತ್ರುಗಳನ್ನು ಅದರ ಅಳತೆಗೇ ಸಿದ್ಧಪಡಿಸಿರುತ್ತಾರೆ. ಆದ್ದರಿಂದ ಹೊಸ ನಿಯಮ ಚೆನ್ನಾಗಿದೆಯೇ ಎಂದು ಕೇಳುವ ಮೊದಲು ಹಳೆಯ ನಿಯಮದ ಮೇಲೆ ಯಾರು ಏನನ್ನು ಕಟ್ಟಿಕೊಂಡಿದ್ದಾರೆ ಎಂದು ಕೇಳಬೇಕು ಎಂಬುದು ನನ್ನ ವಾದ.

ಮುದ್ರಿತ ನಿಯಮವನ್ನು ತಿದ್ದುವುದು ಆಟಕ್ಕೆ ಬಗೆಯುವ ಅಪಚಾರವೆಂದು ಭಾವಿಸುವವರಿದ್ದಾರೆ. ಈ ಆಟಗಳ ಚರಿತ್ರೆ ಅವರ ಬೆಂಬಲಕ್ಕೆ ನಿಲ್ಲುವುದಿಲ್ಲ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಅರ್ನೆಸನ್ ಅವರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಪ್ರಕಟವಾದಾಗ ಅದರ ಕದನಕ್ಕೆ ಆಧಾರವೆಂದು ಹೇಳಿದ್ದು ಚೈನ್‌ಮೇಲ್ ಎಂಬ 1971ರ ಯುದ್ಧದಾಟವನ್ನು. ಸೈನಿಕರ ಪುಟ್ಟ ಬೊಂಬೆಗಳನ್ನಿಟ್ಟು ಆಡುವ ಆಟವದು. ಇಪ್ಪತ್ತು ಮುಖದ ದಾಳ ಹಾಕಿ ಪೆಟ್ಟು ತಗಲಿತೇ ಎಂದು ನೋಡುವ ಪದ್ಧತಿ, ಇಂದು ಎಲ್ಲರೂ ಮೂಲವೆಂದೇ ತಿಳಿದಿರುವ ಪದ್ಧತಿ, ಆ ಪುಸ್ತಕದಲ್ಲಿ ಕಾಣಿಸಿಕೊಂಡದ್ದು ಪರ್ಯಾಯವೆಂಬ ಹೆಸರಿನಲ್ಲಿ. ಪಾತ್ರ ಎಷ್ಟು ಪೆಟ್ಟು ತಾಳಬಲ್ಲದೆಂದು ಎಣಿಸುವ ಹಿಟ್ ಪಾಯಿಂಟ್‌ಗಳ ಕಥೆ ಇನ್ನೂ ಸ್ವಾರಸ್ಯಕರವಾದದ್ದು. ತಮ್ಮ ಪಾತ್ರ ಒಂದೇ ಪೆಟ್ಟಿಗೆ ಸಾಯುವುದು ಆಟಗಾರರಿಗೆ ಒಪ್ಪಿಗೆಯಾಗದಿದ್ದಾಗ, ನೌಕಾಯುದ್ಧದ ಆಟಕ್ಕಾಗಿ ತಾವು ಮಾಡಿಕೊಂಡಿದ್ದ ಲೆಕ್ಕವನ್ನು ಮನುಷ್ಯ ಪಾತ್ರಗಳಿಗೂ ಅನ್ವಯಿಸಿದ್ದಾಗಿ ಅರ್ನೆಸನ್ ಅವರೇ ಹೇಳಿದ್ದಾರೆ. ಮುಂದೆ ಸ್ಟೀವ್ ಪೆರಿನ್ ಎಂಬುವರು ಈ ಆಟದ ಕದನಕ್ಕೆ ತಾವು ಮಾಡಿಕೊಂಡ ತಿದ್ದುಪಡಿಗಳನ್ನು 1976ರ ಸುಮಾರಿಗೆ ಇತರರಿಗೂ ಹಂಚಿದರು. ಅದೇ ಪೆರಿನ್ 1978ರ ರೂನ್‌ಕ್ವೆಸ್ಟ್ ಎಂಬ ಸ್ವತಂತ್ರ ಆಟದ ಮುಖ್ಯ ರಚನಕಾರರಲ್ಲಿ ಒಬ್ಬರಾದರು. ತೀರ ಈಚಿನ ಉದಾಹರಣೆ ಬೇಕೆಂದರೆ, ಮದ್ದಿನ ಶೀಶೆಯನ್ನು ಸರದಿಯ ಮುಖ್ಯ ಕ್ರಿಯೆಯಾದ ಆ್ಯಕ್ಷನ್ ವ್ಯಯಿಸದೆ, ಜೊತೆಗೆ ಸಿಗುವ ಚಿಕ್ಕ ಕ್ರಿಯೆಯಾದ ಬೋನಸ್ ಆ್ಯಕ್ಷನ್‌ನಲ್ಲೇ ಕುಡಿಯಬಹುದೆಂಬ ರೂಢಿ ಅನೇಕ ಬಳಗಗಳಲ್ಲಿ ಮೊದಲಿನಿಂದ ಇತ್ತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ 2024ರ ಪರಿಷ್ಕೃತ ಪುಸ್ತಕದಲ್ಲಿ ಅದು ಅಧಿಕೃತ ನಿಯಮವೇ ಆಯಿತು.

ಹೀಗಾಗಿ ತಿದ್ದುವ ಹಕ್ಕನ್ನು ಯಾರೂ ಯಾರಿಂದಲೂ ಬೇಡಬೇಕಾಗಿಲ್ಲ. ಕಷ್ಟವಿರುವುದು ತಿದ್ದುಪಡಿಯ ಪರಿಣಾಮ ಎಲ್ಲೆಲ್ಲಿ ಹರಡುತ್ತದೆ ಎಂಬುದನ್ನು ಕಾಣುವುದರಲ್ಲಿ.

ಎಲ್ಲ ಬಳಗಗಳೂ ಒಮ್ಮೆಯಾದರೂ ಕೈಹಾಕುವ ಕ್ರಿಟಿಕಲ್ ಹಿಟ್ ನಿಯಮವನ್ನೇ ನೋಡೋಣ. ಇಪ್ಪತ್ತರ ಗರ ಬಿದ್ದರೆ ಘೋರವಾದ ಗಾಯ, ಒಂದರ ಗರ ಬಿದ್ದರೆ ಆಯುಧ ಕೈಜಾರುವುದು ಎಂಬ ಕೋಷ್ಟಕವನ್ನು ಯಾರಾದರೂ ತಂದಾಗ ಮೇಜಿನ ಸುತ್ತ ಉತ್ಸಾಹ ಉಕ್ಕುತ್ತದೆ. ಆದರೆ ಎರಡು ಕಡೆಯವರಿಗೆ ಇದು ಸಮಾನವಾಗಿ ತಟ್ಟುವುದಿಲ್ಲ. ಶತ್ರುವೊಬ್ಬ ಮೂರು ನಾಲ್ಕು ಸುತ್ತು ಬದುಕಿ ಮರೆಯಾಗುತ್ತಾನೆ; ಆಟಗಾರರ ಪಾತ್ರವೋ ವರ್ಷಗಟ್ಟಲೆ ಕದನದ ಮೇಲೆ ಕದನ ಕಾಣುತ್ತ, ತನ್ನ ಮೇಲೆ ಬೀಳುವ ನೂರಾರು ಪೆಟ್ಟುಗಳನ್ನು ಎದುರಿಸಬೇಕು. ಕೈ ಕಡಿದುಹೋಗುವ ಫಲಿತಾಂಶ ಕೋಷ್ಟಕದಲ್ಲಿದ್ದರೆ ಅದು ಕಡೆಗೆ ಬಂದೆರಗುವುದು ಪಾತ್ರಗಳ ಮೇಲೆಯೇ. ಇಂಥ ನಿಯಮಗಳು ಆಟಗಾರರ ಪಾತ್ರಗಳಿಗೇ ಮುಳುವಾಗುತ್ತವೆ ಎಂಬ ಆಕ್ಷೇಪವನ್ನು ಗೈಗ್ಯಾಕ್ಸ್ ಅವರು 1979ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲೇ ಎತ್ತಿದ್ದರು. ಬಳಗ ಹಳೆಯದಾದಷ್ಟೂ ಈ ಆಕ್ಷೇಪದ ತೂಕ ಹೆಚ್ಚುತ್ತದೆ.

ಒಂದರ ಗರಕ್ಕೆ ದಂಡ ವಿಧಿಸುವುದು ಇದಕ್ಕಿಂತಲೂ ಕೆಟ್ಟದ್ದೆಂದು ನಾನು ಭಾವಿಸುತ್ತೇನೆ. ಒಮ್ಮೆ ದಾಳ ಹಾಕಿದಾಗ ಒಂದು ಬೀಳುವ ಸಂಭವ ಶೇಕಡ 5. ಇದೇ ಆಟದ ಐದನೆಯ ಆವೃತ್ತಿಯಲ್ಲಿ, ಅತ್ಯುನ್ನತವಾದ 20ನೆಯ ಹಂತದ ಫೈಟರ್, ಅಂದರೆ ಯೋಧ, ಒಂದೇ ಸರದಿಯಲ್ಲಿ ನಾಲ್ಕು ಬಾರಿ ಹೊಡೆಯಬಲ್ಲ; ಆ ನಾಲ್ಕರಲ್ಲಿ ಒಂದಾದರೂ ಒಂದರ ಗರವಾಗುವ ಸಂಭವ ಶೇಕಡ 18.5ರಷ್ಟು. ಅಂದರೆ ಜಗತ್ತಿನ ಅತ್ಯಂತ ನುರಿತ ಖಡ್ಗಧಾರಿ, ಒಮ್ಮೆ ಮಾತ್ರ ಹೊಡೆಯಬಲ್ಲ ಅನನುಭವಿಗಿಂತ ಮೂರೂವರೆ ಪಟ್ಟಿಗೂ ಹೆಚ್ಚು ಸಲ ತನ್ನ ಖಡ್ಗವನ್ನು ಕೈಜಾರಿಸುತ್ತಾನೆ. ಅದೇ ಮೇಜಿನಲ್ಲಿರುವ ಮಾಂತ್ರಿಕ, ಶತ್ರುವೇ ದಾಳ ಹಾಕಿ ತಪ್ಪಿಸಿಕೊಳ್ಳಬೇಕಾದ ಮಂತ್ರಗಳನ್ನು ಆರಿಸಿಕೊಂಡರೆ, ಈ ದಂಡಕ್ಕೆ ಸಿಕ್ಕುವುದೇ ಇಲ್ಲ. ಯೋಧನ ಪಾತ್ರವನ್ನು ವರ್ಷಗಳ ಕಾಲ ಆಡಿ ಮೇಲೆ ತಂದವರಿಗೆ ಇದಕ್ಕಿಂತ ದೊಡ್ಡ ಅನ್ಯಾಯವನ್ನು ಉದ್ದೇಶಪೂರ್ವಕವಾಗಿ ಮಾಡುವುದೂ ಕಷ್ಟ.

ಸುತ್ತುವರಿದು ಹೊಡೆಯುವ ನಿಯಮದಲ್ಲಿಯೂ ಇದೇ ಬಗೆಯ ಮರೆಯಾದ ನಷ್ಟವಿದೆ. ಐದನೆಯ ಆವೃತ್ತಿಯ 2014ರ ಪುಸ್ತಕ ಇದನ್ನು ಐಚ್ಛಿಕವಾಗಿ ಕೊಟ್ಟಿತು: ಇಬ್ಬರು ಶತ್ರುವಿನ ಎದುರುಬದುರು ನಿಂತರೆ ಇಬ್ಬರಿಗೂ ಅಡ್ವಾಂಟೇಜ್, ಅಂದರೆ ಎರಡು ದಾಳ ಹಾಕಿ ದೊಡ್ಡದನ್ನು ಇಟ್ಟುಕೊಳ್ಳುವ ಅವಕಾಶ. 11 ಬಿದ್ದರೆ ಸಾಕು ಎಂಬಲ್ಲಿ ಗೆಲ್ಲುವ ಸಂಭವ ಇದರಿಂದ ಶೇಕಡ 50ರಿಂದ 75ಕ್ಕೆ ಏರುತ್ತದೆ. ಇಷ್ಟು ದೊಡ್ಡ ಲಾಭ ಎರಡು ಹೆಜ್ಜೆ ನಡೆದರೆ ದಕ್ಕುವಂತಿದ್ದರೆ, ತನ್ನ ರಕ್ಷಣೆಯನ್ನು ಬಿಟ್ಟುಕೊಟ್ಟು, ತನ್ನ ಮೇಲಿನ ಹೊಡೆತಗಳಿಗೂ ಅದೇ ಅಡ್ವಾಂಟೇಜ್ ಒಪ್ಪಿಸಿ ಅದನ್ನು ಸಂಪಾದಿಸುವ ಬಾರ್ಬೇರಿಯನ್ ಪಾತ್ರದ ವಿಶೇಷಕ್ಕೆ ಏನು ಬೆಲೆ ಉಳಿಯಿತು? ಅಡ್ವಾಂಟೇಜ್ ಒಂದರ ಮೇಲೊಂದು ಕೂಡುವುದಿಲ್ಲವಾದ್ದರಿಂದ ಆ ಆಟಗಾರರ ಕೈಯಲ್ಲಿದ್ದ ಉಪಾಯ ಬರಿದಾಗುತ್ತದೆ, ಅವರು ತಪ್ಪೇನೂ ಮಾಡದಿದ್ದರೂ. ಅಡ್ವಾಂಟೇಜ್ ಬದಲು ದಾಳಕ್ಕೆ 2 ಸೇರಿಸುವ ರೂಢಿ ಹಲವು ಬಳಗಗಳಲ್ಲಿದೆ. ಸ್ಥಾನ ಹಿಡಿದು ನಿಲ್ಲುವುದಕ್ಕೆ ಅರ್ಥವೂ ಉಳಿದು, ಬಾರ್ಬೇರಿಯನ್ನನ ಪಾಲೂ ಉಳಿಯುವುದರಿಂದ ಅದೇ ಮೇಲೆಂದು ನನಗೆ ತೋರುತ್ತದೆ.

ಕದನ ನಿಧಾನವಾಯಿತೆಂಬ ದೂರು ಹಳೆಯ ಬಳಗಗಳಲ್ಲಿ ಅತಿ ಸಾಮಾನ್ಯ, ಏಕೆಂದರೆ ಪಾತ್ರಗಳು ಮೇಲಿನ ಹಂತಕ್ಕೇರಿದಂತೆ ಆಯ್ಕೆಗಳು ಬೆಳೆಯುತ್ತವೆ. ಐವರು ಆಟಗಾರರು ತಲಾ ಮೂರು ನಿಮಿಷ ತೆಗೆದುಕೊಂಡರೆ, ಗೇಮ್ ಮಾಸ್ಟರ್ ಸಮಯವನ್ನು ಬಿಟ್ಟೇ, ಒಬ್ಬರ ಸರದಿ ಮತ್ತೆ ಬರುವ ಮೊದಲು ಹನ್ನೆರಡು ನಿಮಿಷ ಕಾಯಬೇಕು. ಶತ್ರುಗಳ ಹಿಟ್ ಪಾಯಿಂಟ್ ಅರ್ಧಕ್ಕಿಳಿಸೋಣ ಎಂಬ ಪರಿಹಾರ ಥಟ್ಟನೆ ಹೊಳೆಯುತ್ತದೆ. ಐದನೆಯ ಆವೃತ್ತಿಯ 2014ರ ಪುಸ್ತಕದಲ್ಲಿ ಓಗರ್ ಎಂಬ ದೈತ್ಯನಿಗೆ ಸರಾಸರಿ 59 ಹಿಟ್ ಪಾಯಿಂಟ್, ಅರ್ಧವೆಂದರೆ 29. ಹತ್ತಿರ ನಿಂತವರನ್ನೆಲ್ಲ ಒಮ್ಮೆಗೇ ಸುಡುವ ಫೈರ್‌ಬಾಲ್ ಮಂತ್ರ ಎಂಟು ಆರುಮುಖದ ದಾಳಗಳಷ್ಟು, ಸರಾಸರಿ 28ರಷ್ಟು, ಹಾನಿ ಮಾಡುತ್ತದೆ. ಮೊದಲು ಎರಡು ಮೂರು ಸುತ್ತು ಎಲ್ಲರೂ ಸೇರಿ ಸೆಣಸಬೇಕಾಗಿದ್ದ ಓಗರ್‌ಗಳ ಗುಂಪನ್ನು ಈಗ ಮಾಂತ್ರಿಕರೊಬ್ಬರೇ ಒಂದು ಸರದಿಯಲ್ಲಿ ಮುಗಿಸುವ ಅಂಚಿಗೆ ತಂದುಬಿಡುತ್ತಾರೆ, ಉಳಿದವರು ನೋಡುತ್ತ ಕುಳಿತಿರಬೇಕಾಗುತ್ತದೆ.

ಈ ತೊಂದರೆಗೆ ನಾನು ಮೆಚ್ಚುವ ಮದ್ದು ಹಳೆಯದು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 1981ರ ಬೇಸಿಕ್ ಆವೃತ್ತಿಯಲ್ಲಿ ಶತ್ರುಗಳಿಗೆ ಮೊರೇಲ್ ಎಂಬ ಅಂಕವಿತ್ತು. ಒಂದು ಪಕ್ಷದಲ್ಲಿ ಮೊದಲ ಸಾವಾದಾಗ, ಮತ್ತೆ ಅರ್ಧದಷ್ಟು ಮಂದಿ ಬಿದ್ದಾಗ, ಎರಡು ಆರುಮುಖದ ದಾಳ ಹಾಕಿ ಮೊತ್ತ ಆ ಅಂಕವನ್ನು ಮೀರಿದರೆ ಅವರು ಹಿಮ್ಮೆಟ್ಟುತ್ತಾರೆ ಇಲ್ಲವೆ ಶರಣಾಗುತ್ತಾರೆ. ಅಂಕ 7 ಆಗಿದ್ದರೆ ಪ್ರತಿ ಸಲವೂ ಅವರ ಎದೆಗುಂದುವ ಸಂಭವ ಶೇಕಡ 42ರ ಆಸುಪಾಸು. ಫಲಿತಾಂಶ ಆಗಲೇ ನಿರ್ಧಾರವಾಗಿದ್ದರೂ ಎಳೆದಾಡುತ್ತ ಹೋಗುವ ಕೊನೆಯ ಸುತ್ತುಗಳು ಇದರಿಂದ ತಪ್ಪುತ್ತವೆ, ಯಾರ ಪಾತ್ರದ ಬಲವೂ ಕುಗ್ಗುವುದಿಲ್ಲ, ಸಾಯುವವರೆಗೆ ಹೋರಾಡದ ಶತ್ರು ಕಥೆಗೂ ಜೀವ ತುಂಬುತ್ತಾನೆ. ಬಳಗಕ್ಕೆ ಒಂದೇ ಒಂದು ನಿಯಮ ಸೇರಿಸಬಹುದು ಎಂದರೆ ನಾನು ಇದನ್ನೇ ಆರಿಸುತ್ತೇನೆ.

ಸರದಿಯ ಕ್ರಮದ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ಇಡೀ ಪಕ್ಷಕ್ಕೆ ಒಂದೇ ದಾಳ ಹಾಕುವ ಪದ್ಧತಿ ವೇಗವಾದದ್ದು, ಒಟ್ಟಾಗಿ ಯೋಚಿಸಲು ಅನುಕೂಲವಾದದ್ದು. ಆದರೆ ಮೊದಲು ಧಾವಿಸುವುದಕ್ಕೆಂದೇ ಅಲರ್ಟ್ ಮುಂತಾದ ಸಾಮರ್ಥ್ಯ ಪಡೆದವರಿಗೆ ಪ್ರತಿಯಾಗಿ ಏನಾದರೂ ಕೊಡದೆ ಅದನ್ನು ತರಬಾರದು.

ಇನ್ನು ಬಳಗ ಒಪ್ಪಿಗೆಗೆ ಬರುವ ಬಗೆ. ಹಳೆಯ ಗೆಳೆತನದಲ್ಲಿ ದಾಕ್ಷಿಣ್ಯ ದೊಡ್ಡದು. ಗೇಮ್ ಮಾಸ್ಟರ್ ಆಸಕ್ತಿಯಿಂದ ತಂದ ನಿಯಮಕ್ಕೆ ಎದುರಾಡಲು ಯಾರಿಗೂ ಮನಸ್ಸಾಗುವುದಿಲ್ಲ. ನಷ್ಟಕ್ಕೊಳಗಾದವರು ಸುಮ್ಮನಿದ್ದು, ಕ್ರಮೇಣ ಕದನ ಬಂದಾಗಲೆಲ್ಲ ನಿರುತ್ಸಾಹ ತಾಳುತ್ತಾರೆ. ಎಲ್ಲರೂ ಒಪ್ಪಿದ್ದೀರಾ ಎಂಬ ಪ್ರಶ್ನೆಗೆ ಸಿಗುವ ಮೌನವನ್ನು ಸಮ್ಮತಿಯೆಂದು ಎಣಿಸುವುದು ಅಪಾಯಕರ. ಅದಕ್ಕೆ ಬದಲಾಗಿ, ಹೊಸ ನಿಯಮಕ್ಕೆ ಮೂರು ನಾಲ್ಕು ಕದನಗಳ ಅವಧಿ ಗೊತ್ತುಮಾಡಿ, ಅವಧಿ ಮುಗಿದೊಡನೆ ಅದು ತಾನಾಗಿಯೇ ರದ್ದಾಗುವಂತೆ ಇಟ್ಟುಕೊಳ್ಳಬೇಕು. ಆಗ ವಿರೋಧಿಸುವ ಹೊರೆ ನೊಂದವರ ಮೇಲೆ ಬೀಳುವುದಿಲ್ಲ. ನಿಯಮ ಬೇಕೆನ್ನುವವರೇ ಮುಂದೆ ಬಂದು ಅದನ್ನು ಮತ್ತೆ ಕೇಳಬೇಕಾಗುತ್ತದೆ. ಯಾರೂ ಕೇಳದ ನಿಯಮ ಯಾರ ಮನಸ್ಸನ್ನೂ ನೋಯಿಸದೆ ಹೋಗುತ್ತದೆ. ಉಳಿದುಕೊಂಡದ್ದನ್ನು ದಿನಾಂಕ ಸಹಿತ ಒಂದು ಪುಟದಲ್ಲಿ ಬರೆದಿಡಬೇಕು, ಜೊತೆಗೆ ಅದನ್ನು ತಂದ ಕಾರಣವನ್ನೂ ಒಂದು ವಾಕ್ಯದಲ್ಲಿ ನಮೂದಿಸಬೇಕು; ಕಾರಣ ಮರೆತುಹೋದ ನಿಯಮವನ್ನು ತೆಗೆಯಬೇಕೋ ಇಡಬೇಕೋ ಎಂದು ಎರಡು ವರ್ಷಗಳ ಬಳಿಕ ಯಾರಿಗೂ ತಿಳಿಯುವುದಿಲ್ಲ.

ಬದಲಾವಣೆ ಯಾರದಾದರೂ ಪಾತ್ರದ ಆಯ್ಕೆಯನ್ನು ನಿರರ್ಥಕಗೊಳಿಸಿದರೆ, ಆ ಆಯ್ಕೆಯನ್ನು ಬೇರೆಯದಕ್ಕೆ ಬದಲಿಸಿಕೊಳ್ಳುವ ಅವಕಾಶವನ್ನು ಅದೇ ದಿನ, ಕೇಳುವ ಮೊದಲೇ ಕೊಡಬೇಕು. ಸಾವಿನ ಅಂಚಿನ ನಿಯಮವನ್ನು ತಿದ್ದುವಾಗ ಇದು ತುಂಬ ಮುಖ್ಯ. ಹಿಟ್ ಪಾಯಿಂಟ್ ಸೊನ್ನೆಗಿಳಿದು ಬಿದ್ದವರನ್ನು ದೂರದಿಂದಲೇ ಒಂದು ಪುಟ್ಟ ಮಂತ್ರದಿಂದ ಮತ್ತೆ ಮತ್ತೆ ಎಬ್ಬಿಸುವುದು ಕದನದ ಭಯವನ್ನೇ ಕಳೆಯುತ್ತದೆಂದು ಬೇಸತ್ತು, ಸೊನ್ನೆಗಿಳಿದಾಗಲೆಲ್ಲ ದಣಿವಿನ ಒಂದು ಹಂತ ಏರಲಿ ಎಂದು ಹಲವರು ತೀರ್ಮಾನಿಸುತ್ತಾರೆ. ಆ ದಣಿವಿನ ಆರನೆಯ ಹಂತ ಸಾವು, ರಾತ್ರಿಯ ಪೂರ್ಣ ವಿಶ್ರಾಂತಿಯಿಂದ ಇಳಿಯುವುದು ಒಂದೇ ಹಂತ; ಹೀಗಾಗಿ ಈ ಸಣ್ಣ ಸಾಲು ಕದನವೊಂದನ್ನು ಮಾತ್ರವಲ್ಲ, ಇಡೀ ಪಯಣದ ಲೆಕ್ಕಾಚಾರವನ್ನೇ ಬದಲಿಸುತ್ತದೆ, ಗೆಳೆಯರನ್ನು ಎಬ್ಬಿಸುವುದನ್ನೇ ತನ್ನ ಕೆಲಸವೆಂದು ಬಗೆದ ಕ್ಲೆರಿಕ್ (ಗುಣಪಡಿಸುವ ಪುರೋಹಿತ) ಆಟಗಾರರ ಪಾತ್ರವನ್ನೂ ಬದಲಿಸುತ್ತದೆ. ಇಷ್ಟು ಆಳಕ್ಕಿಳಿಯುವ ತಿದ್ದುಪಡಿಯನ್ನು ನಡೆಯುತ್ತಿರುವ ಕ್ಯಾಂಪೇನ್‌ನ, ಅಂದರೆ ಹಲವು ಕೂಟಗಳಲ್ಲಿ ಸಾಗುವ ಕಥೆಯ, ಮಧ್ಯದಲ್ಲಿ ತರಬೇಡಿ. ಮುಂದಿನದು ಆರಂಭವಾಗಿ ಎಲ್ಲರೂ ಹೊಸ ಪಾತ್ರ ರಚಿಸಲು ಕುಳಿತ ದಿನ, ಮೊದಲ ದಾಳ ಬೀಳುವುದಕ್ಕೆ ಮುಂಚೆ, ಅದನ್ನು ಮೇಜಿನ ಮೇಲಿಡಿ.